ಇಪ್ಪತ್ತು ವರ್ಷದ ಸಾಲ ತಪ್ಪಲ್ಲ

ಅಮೆರಿಕದ ಮಿನ್ನೆಸೋಟಾ ರಾಜ್ಯದ ಸಣ್ಣ ಊರುಗಳು ಪೊಲೀಸ್, ಫೈರ್ ಸ್ಟೇಷನ್ ಎರಡೂ ಒಂದೇ ಕಡೆ ಇರುವ ಕಟ್ಟಡಕ್ಕೆ ರಾಜ್ಯದ ಬಾಂಡ್ ಹಣ (ಸರ್ಕಾರ ಸಾಲಪತ್ರ ಮಾರಿ ಎತ್ತುವ ಸಾಲ) ಕೇಳುವುದು ದುಂದು ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ.

ಈ ಹಣ ಸುಮ್ನೆ ಸಿಗುವುದಿಲ್ಲ. ರಾಜ್ಯ ಶಾಸನಸಭೆಯ ಎರಡೂ ಸದನಗಳಲ್ಲಿ ಐದರಲ್ಲಿ ಮೂರು ಪಾಲು ಮತ ಬೇಕು. ಅಂದರೆ ಕೆಳಮನೆಯ 134ರಲ್ಲಿ 81, ಸೆನೆಟ್‌ನ 67ರಲ್ಲಿ 41. ಎರಡೂ ಪಕ್ಷ ಕೈ ಜೋಡಿಸದೆ ಕೆಲಸ ಆಗುವುದು ಕಷ್ಟ. 2024ರಲ್ಲಿ ಬಾಂಡ್ ಮಸೂದೆ ಪಾಸಾಗದೆ ಅಧಿವೇಶನವೇ ಮುಗಿದುಹೋಯಿತು. ಮುಂದಿನ ಮಸೂದೆಗೆ 2025ರ ಜೂನ್‌ವರೆಗೆ, ಅದೂ ವಿಶೇಷ ಅಧಿವೇಶನ ಕರೆಯುವವರೆಗೆ ಕಾಯಬೇಕಾಯಿತು. ಅಷ್ಟು ದಿನ ಸಿಮೆಂಟು, ಕಬ್ಬಿಣದ ಬೆಲೆ ಕಾಯುತ್ತದಾ?

ಹಳೆಯ ಸ್ಟೇಷನ್‌ಗಳ ಒಳಗೆ ಒಮ್ಮೆ ನೋಡಿ. ಈಗಿನ ಟ್ರಕ್ಕುಗಳು ಉದ್ದ, ಎತ್ತರ ಎರಡೂ ಜಾಸ್ತಿ, ಬಾಗಿಲು ಸಾಲುವುದಿಲ್ಲ. ಎಷ್ಟೋ ಕಡೆ ಸಿಬ್ಬಂದಿಯ ಕೋಟು, ಹೆಲ್ಮೆಟ್ಟು ಟ್ರಕ್ಕಿನ ಪಕ್ಕದಲ್ಲೇ ಡೀಸೆಲ್ ಹೊಗೆಯಲ್ಲಿ ನೇತಾಡುತ್ತಿರುತ್ತವೆ. ಬೆಂಕಿ ಆರಿಸುವ ಕೆಲಸವೇ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲೇ ಹೇಳಿದೆ. ಸಣ್ಣ ಊರುಗಳಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ಬೇರೆ ನೌಕರಿ ಇದ್ದು, ಕರೆ ಬಂದಾಗ ಓಡಿ ಬರುವ ಅಕ್ಕಪಕ್ಕದ ಮನೆಯವರೇ. ಅವರಿಗೆ ಸ್ನಾನ ಮಾಡಲು, ಮಸಿ ತೊಳೆಯಲು ಒಂದು ಬೇರೆ ಕೋಣೆ ಕೇಳುವುದು ಐಷಾರಾಮವಾ?

ಈ ಬಾಂಡು 20 ವರ್ಷದೊಳಗೆ ತೀರಲೇಬೇಕು. ಕಟ್ಟಡ ಅದಕ್ಕಿಂತ ಜಾಸ್ತಿ ಬಾಳುತ್ತದೆ. ನಾಳೆ ಅದನ್ನು ಬಳಸುವವರೂ ಸ್ವಲ್ಪ ಭಾರ ಹೊರಲಿ, ನ್ಯಾಯ ಅಲ್ವಾ? ಕೇಳಬೇಕಾದ್ದು ಇನ್ನೊಂದಿದೆ: ಕಟ್ಟಿದ ಮೇಲೆ ಕರೆಂಟು, ಹೀಟಿಂಗ್, ರಿಪೇರಿ ಖರ್ಚು ಊರಿನದೇ. ಅದಕ್ಕೆ ನಗರಸಭೆ ಹಣ ತೆಗೆದಿಟ್ಟಿದೆಯಾ? ಮುಂದಿನ ಲೇಖನದಲ್ಲಿ ದಯವಿಟ್ಟು ಅದನ್ನು ಬರೆಯಿರಿ.