ಪುಟದ ಫೋಟೊ ಕೊಟ್ಟರೆ ಪುಸ್ತಕ ಕೊಟ್ಟಂತಲ್ಲ

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡ್ತೀನಿ.

ಪದವಿ ಓದುತ್ತಿರುವ, ಕಣ್ಣು ಕಾಣದ ಹುಡುಗಿಯೊಬ್ಬಳು ಫೈಲ್ ಕಳಿಸಿದ್ದಳು. ‘ಅಕ್ಕಾ, ನೋಟ್ಸ್ ಅಂತ ಕೊಟ್ಟಿದ್ದಾರೆ, ನನ್ನ ಫೋನ್ ಏನೂ ಓದ್ತಿಲ್ಲ, ನೋಡ್ತೀರಾ?’ ತೆರೆದೆ. ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲೆ ಬಿಚ್ಚಿಟ್ಟು ಪುಟಪುಟಕ್ಕೂ ಫೋಟೊ ಹೊಡೆದು ಪಿಡಿಎಫ್ ಮಾಡಿದ್ದಾರೆ. ಕೆಲವು ಪುಟ ಸೊಟ್ಟ, ಕೆಲವು ಕಡೆ ಹಾಳೆ ಒತ್ತಿ ಹಿಡಿದವರ ಹೆಬ್ಬೆರಳು. ಜೊತೆಗೆ, ಎಲ್ಲ ವಿದ್ಯಾರ್ಥಿಗಳಿಗೂ ಅನುಕೂಲವಾಗಲೆಂದು ಡಿಜಿಟಲ್ ರೂಪದಲ್ಲಿ ಕೊಟ್ಟಿದ್ದೇವೆ ಅಂತ ಸಂದೇಶ. ಆ ಎಲ್ಲರ ಲೆಕ್ಕದಲ್ಲಿ ಅವಳು ಬಂದೇ ಇಲ್ಲ.

ಫೋನು, ಕಂಪ್ಯೂಟರಿನ ಪರದೆಯಲ್ಲಿರೋದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ ಸ್ಕ್ರೀನ್ ರೀಡರ್. ಅದು ಓದುವುದು ಅಕ್ಷರವನ್ನು. ಫೋಟೊದಲ್ಲಿ ಅಕ್ಷರ ಇರೋದಿಲ್ಲ, ಬರೀ ಬೆಳಕು ನೆರಳಿನ ಚುಕ್ಕೆಗಳಿರುತ್ತವೆ. ಆ ಹುಡುಗಿಯ ಮಟ್ಟಿಗೆ ಅದು ಖಾಲಿ ಫೈಲ್.

ನನ್ನ ತಮ್ಮನಿಗೂ ಕಣ್ಣು ಕಾಣೋದಿಲ್ಲ, ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅವನ ಓದಿನ ವರ್ಷಗಳಲ್ಲಿ ಇಂಥ ಫೈಲೂ ಇರಲಿಲ್ಲ, ನಾನೇ ಜೋರಾಗಿ ಓದಿ ಹೇಳ್ತಿದ್ದೆ. ಎಷ್ಟೋ ವರ್ಷ ಆದಮೇಲೆ ಅವನು ಒಂದು ಮಾತು ಹೇಳಿದ: ‘ನಿನ್ನ ಗಂಟಲು ಕಟ್ಟಿದ್ದು ಗೊತ್ತಾಗ್ತಿತ್ತು ಅಕ್ಕಾ. ಅರ್ಥ ಆಗದಿದ್ರೂ ಇನ್ನೊಂದ್ಸಲ ಓದು ಅಂತ ಕೇಳ್ತಿರಲಿಲ್ಲ.’ ಇದನ್ನು ಇಲ್ಲಿ ಬರೆಯುವಾಗಲೂ ಕಣ್ಣು ತುಂಬ್ತಿದೆ. ಒಂದು ಪ್ಯಾರಾ ಅರ್ಥವಾಗದೆ ಹೋದರೆ ನಾವು ಯಾರನ್ನೂ ಕೇಳದೆ ಮತ್ತೆ ಓದ್ತೀವಿ, ಹತ್ತು ಸಲ ಓದ್ತೀವಿ, ಬೇಜಾರಾದರೆ ಹಾರಿಸ್ತೀವಿ. ಈ ಸ್ವಾತಂತ್ರ್ಯಕ್ಕೂ ಇನ್ನೊಬ್ಬರ ದಾಕ್ಷಿಣ್ಯ ಬೇಕು ಅಂದರೆ ಕಲಿಯೋದು ಹೇಗೆ? ಈಗ ಅವನು ಸ್ಕ್ರೀನ್ ರೀಡರಿನ ವೇಗ ಏರಿಸಿಕೊಂಡು ಕೇಳ್ತಾನೆ, ಪಕ್ಕದಲ್ಲಿ ಕೂತ ನನಗೆ ಒಂದು ಪದವೂ ಹಿಡಿತಕ್ಕೆ ಸಿಗೋದಿಲ್ಲ. ಬೇಕಾದಷ್ಟು ಸಲ ಹಿಂದೆ ಹೋಗ್ತಾನೆ. ಯಾರ ಗಂಟಲನ್ನೂ ಲೆಕ್ಕ ಹಾಕಬೇಕಿಲ್ಲ.

ಆ ತಂತ್ರಾಂಶ ದುಬಾರಿಯೇ ಆಗಬೇಕಿಲ್ಲ. ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಅದನ್ನು ಶುರು ಮಾಡಿದರು, ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ದೃಷ್ಟಿ ಇಲ್ಲದವರು. ಅವರ ಪಾಲಿನ ಕೆಲಸ ಅವರು ಮಾಡಿ ಮುಗಿಸಿದ್ದಾರೆ. ಬಾಕಿ ಇರೋದು ನೋಟ್ಸ್ ತಯಾರಿಸುವ ನಮ್ಮ ಪಾಲು, ಅದನ್ನೇ ನಾವು ಫೋಟೊ ಹೊಡೆದು ಮುಗಿಸಿಬಿಡ್ತೀವಿ.

ಇದು ಕಣ್ಣು ಕಾಣದವರ ಸಮಸ್ಯೆ ಮಾತ್ರವೂ ಅಲ್ಲ. ಡಿಸ್ಲೆಕ್ಸಿಯಾ ಅನ್ನೋ ಓದಿನ ತೊಂದರೆ ಇರುವ ಮಕ್ಕಳ ಬಗ್ಗೆ ಯಾರೂ ಯೋಚಿಸೋದೇ ಇಲ್ಲ, ಕಣ್ಣು ಚೆನ್ನಾಗಿದೆಯಲ್ಲ, ಓದಲಿ ಅಂತಾರೆ. ಬುದ್ಧಿಗೂ ಡಿಸ್ಲೆಕ್ಸಿಯಾಕ್ಕೂ ಸಂಬಂಧವಿಲ್ಲ. ಅಕ್ಷರ ಬಿಡಿಸಿ ಓದುವುದರಲ್ಲೇ ಆ ಮಗುವಿನ ಶಕ್ತಿಯೆಲ್ಲ ಖರ್ಚಾಗುತ್ತೆ, ಅರ್ಥ ಮಾಡಿಕೊಳ್ಳೋ ಹೊತ್ತಿಗೆ ಸುಸ್ತಾಗಿರುತ್ತೆ. ನಿಜವಾದ ಅಕ್ಷರಗಳಿರುವ ಫೈಲ್ ಕೊಟ್ಟರೆ ಆ ಮಗು ಅಕ್ಷರದ ಗಾತ್ರ ದೊಡ್ಡದು ಮಾಡಿಕೊಳ್ಳುತ್ತೆ, ಸಾಲುಗಳ ನಡುವೆ ಜಾಗ ಬಿಡಿಸಿಕೊಳ್ಳುತ್ತೆ, ಓದುತ್ತಿರುವ ಪದ ಬಣ್ಣದಲ್ಲಿ ಬೆಳಗುತ್ತಿರುವಾಗಲೇ ಕಿವಿಯಲ್ಲೂ ಕೇಳುತ್ತೆ. ಫೋಟೊದಲ್ಲಿ ಇದ್ಯಾವುದೂ ಆಗೋದಿಲ್ಲ. ಹಿಗ್ಗಿಸಿದರೆ ಮಸುಕಾಗುತ್ತೆ, ಅಷ್ಟೇ.

ಒಂದು ಶುದ್ಧ ಟೆಕ್ಸ್ಟ್ ಫೈಲ್ ಇದ್ದರೆ ಅದರಿಂದ ಬ್ರೈಲ್, ದೊಡ್ಡಕ್ಷರದ ಪ್ರತಿ, ಆಡಿಯೊ, ಅಧ್ಯಾಯದಿಂದ ಅಧ್ಯಾಯಕ್ಕೆ ಹಾರಬಹುದಾದ ಡೇಸಿ ಅನ್ನೋ ಮಾದರಿಯ ಡಿಜಿಟಲ್ ಪುಸ್ತಕ, ಎಲ್ಲ ಮಾಡಬಹುದು. ಆಡಿಯೊ ಇದ್ದಮೇಲೆ ಬ್ರೈಲ್ ಯಾಕೆ ಅಂತ ಕೇಳುವವರಿಗೆ: ಕೇಳಿದರೆ ಕಾಗುಣಿತ ಗೊತ್ತಾಗೋದಿಲ್ಲ, ಒತ್ತಕ್ಷರ ಎಲ್ಲಿದೆ ಅಂತ ಬೆರಳಿಗೆ ಮಾತ್ರ ಸಿಗುತ್ತೆ. ಕಿವಿಯೂ ಕೇಳದ ಅಂಧರಿಗೆ ಆಡಿಯೊ ಏನು ಮಾಡುತ್ತೆ?

ಕಾನೂನಿನ ತೊಡಕು ಅಂತ ಹೇಳಿ ಜಾರಿಕೊಳ್ಳೋ ಹಾಗೂ ಇಲ್ಲ. 2013ರ ಜೂನ್‌ನಲ್ಲಿ ಅಂಧರಿಗೆ, ಓದಲಾಗದವರಿಗೆ ಪುಸ್ತಕ ಸಿಗಲೆಂದು ಹಕ್ಕುಸ್ವಾಮ್ಯದಲ್ಲಿ ವಿನಾಯಿತಿ ಕೊಡುವ ಮರ್ರಾಕೆಶ್ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಅದಕ್ಕೆ ಮೊದಲು ಒಂದು ದೇಶದಲ್ಲಿ ಅಂಧರಿಗಾಗಿ ತಯಾರಾದ ಪುಸ್ತಕವನ್ನು ಇನ್ನೊಂದು ದೇಶಕ್ಕೆ ಕಳಿಸೋದಕ್ಕೂ ಹಕ್ಕುಸ್ವಾಮ್ಯ ಅಡ್ಡ ಬರ್ತಿತ್ತು, ಅದೇ ಪುಸ್ತಕವನ್ನು ಮತ್ತೆ ಮೊದಲಿಂದ ಟೈಪ್ ಮಾಡಬೇಕಾಗ್ತಿತ್ತು. 2014ರಲ್ಲಿ ಮೊಟ್ಟಮೊದಲು ಈ ಒಪ್ಪಂದವನ್ನು ಅನುಮೋದಿಸಿದ ದೇಶ ಭಾರತ. 2016ರ ಸೆಪ್ಟೆಂಬರ್ 30ರಿಂದ ಜಾರಿಯಲ್ಲಿದೆ. ಡಿಸ್ಲೆಕ್ಸಿಯಾದಂಥ ಓದಿನ ತೊಂದರೆ ಇರುವವರೂ, ಪುಸ್ತಕ ಕೈಯಲ್ಲಿ ಹಿಡಿಯಲಾಗದವರೂ ಅದರ ವ್ಯಾಪ್ತಿಗೆ ಬರ್ತಾರೆ. ಇಷ್ಟೆಲ್ಲ ಹೋರಾಡಿ ಪಡೆದ ಮೇಲೂ ವಿದ್ಯಾರ್ಥಿಯ ಕೈಗೆ ಸಿಗೋದು ಹೆಬ್ಬೆರಳಿನ ಫೋಟೊ!

‘ಈಗ ಎಐ ಇದೆಯಲ್ಲ, ಯಾವ ಫೋಟೊ ಬೇಕಾದರೂ ಓದಿ ಹೇಳುತ್ತೆ’ ಅಂತ ಕಾಮೆಂಟ್ ಬರೋದು ನನಗೆ ಗೊತ್ತು. ಓದುತ್ತೆ, ಒಪ್ತೀನಿ. ಬ್ಯಾಂಕಿನ ಪತ್ರ, ಔಷಧಿಯ ಹೆಸರು ನೋಡೋಕೆ ತಮ್ಮನೂ ಬಳಸ್ತಾನೆ. ಆದರೆ ಎರಡು ಕಾಲಮ್ಮಿನ ಪುಟದಲ್ಲಿ ಈ ಸಾಲಿಗೆ ಆ ಸಾಲು ಅಂಟಿಕೊಂಡರೆ, ಕೋಷ್ಟಕ ಕಲಸಿಹೋದರೆ, ಸಮೀಕರಣದ ಮೈನಸ್ ಬಿಟ್ಟುಹೋದರೆ, 3 ಇದ್ದದ್ದು 8 ಆದರೆ? ಮೂಲ ಪುಟ ನೋಡಬಲ್ಲವರು ತಪ್ಪು ಹಿಡಿದಾರು. ಯಾರಿಗೆ ಮೂಲ ಕಾಣೋದಿಲ್ಲವೋ ಅವರು ತಪ್ಪನ್ನೇ ಪಾಠ ಅಂತ ಕಲಿತು ಪರೀಕ್ಷೆಯಲ್ಲಿ ಬರೆದು ಬರ್ತಾರೆ, ಅಂಕ ಹೋಗೋದು ಅವರದ್ದು. ನೋಟ್ಸ್ ಕೊಟ್ಟವರು ಮಾಡಬೇಕಾದ ಕೆಲಸವನ್ನು ವಿದ್ಯಾರ್ಥಿಯ ತಲೆಗೆ ಕಟ್ಟಿ ತಂತ್ರಜ್ಞಾನ ಬೆಳೆದಿದೆ ಅನ್ನೋದು ನ್ಯಾಯವಲ್ಲ. ಉಳಿದವರು ಮೊದಲ ದಿನವೇ ಓದೋಕೆ ಕೂತಿರುವಾಗ ಇವರು ಫೈಲ್ ಸರಿಮಾಡಿಸಿಕೊಳ್ಳೋಕೆ ಯಾರ ಯಾರ ಹತ್ತಿರವೋ ಅಲೀತಿರಬೇಕು.

ನನ್ನ ಪಟ್ಟಿಯಲ್ಲಿ ಪಾಠ ಮಾಡುವವರು ಬಹಳ ಜನ ಇದ್ದೀರಿ. ಫೈಲ್ ಕಳಿಸೋ ಮುಂಚೆ ಅದರಲ್ಲಿ ಒಂದು ಸಾಲನ್ನು ಸೆಲೆಕ್ಟ್ ಮಾಡಿ ನೋಡಿ. ಆಗಲಿಲ್ಲ ಅಂದರೆ ಅದು ಫೋಟೊ, ಕಳಿಸಬೇಡಿ. ನೀವೇ ಟೈಪ್ ಮಾಡಿದ್ದಾದರೆ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡದೆ ಆ ವರ್ಡ್ ಫೈಲನ್ನೇ ಕೊಡಿ. ಅಧ್ಯಾಯದ ಹೆಸರನ್ನು ಬರೀ ದಪ್ಪ ಅಕ್ಷರ ಮಾಡಿ ಬಿಡದೆ ಹೆಡಿಂಗ್ ಸ್ಟೈಲ್ ಹಾಕಿ, ಆಗ ಕೀಬೋರ್ಡಿನ ಒಂದೇ ಕೀಲಿ ಒತ್ತುತ್ತಾ ಅಧ್ಯಾಯದಿಂದ ಅಧ್ಯಾಯಕ್ಕೆ ಹಾರಬಹುದು. ಚಿತ್ರ ಇದ್ದರೆ ಅದರಲ್ಲೇನಿದೆ ಅಂತ ಎರಡು ಸಾಲು ಬರೆಯಿರಿ. ಹೇಗೆ ಅಂತ ಗೊತ್ತಾಗದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ರಾತ್ರಿ ಎಷ್ಟು ಹೊತ್ತಾದರೂ ಕೂತು ಹೇಳಿಕೊಡ್ತೀನಿ.