ಆಗುಂಬೆ ಮಳೆಗೆ ಆ ಚೀಲ ಸಾಲದು

ಕ್ಯಾಮೆರಾ ಚೀಲ ಕೊಳ್ಳುವ ಬಗೆಗಿನ ನಿಮ್ಮ ಲೇಖನದಲ್ಲಿ "ನೀರು ತಡೆಯುವ ಬಟ್ಟೆಯ ಹೆಗಲ ಚೀಲ ಇದ್ದರೆ ಸಾಕು, ಕ್ಯಾಮೆರಾಕ್ಕೆ ಮಳೆ ಕವರ್ ದಂಡ" ಅಂತ ಬರೆದಿದ್ದೀರಿ. ಸರ್, ಜುಲೈನಲ್ಲಿ ಒಮ್ಮೆ ತೀರ್ಥಹಳ್ಳಿಯಿಂದ ಆಗುಂಬೆಗೆ ಬೈಕಲ್ಲಿ ಬನ್ನಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆ ಅದು. ಬಟ್ಟೆ ನೀರು ತಡೆಯುತ್ತದೆ, ನಿಜ. ಆದರೆ ನೀರು ಇಳಿಯುವುದು ಜಿಪ್ಪಿನಲ್ಲಿ, ಹೊಲಿಗೆಯಲ್ಲಿ. ಅಲ್ಲಿ ಕವರ್ ಬೇಕೇ ಬೇಕು.

ಚೀಲದೊಳಗೆ ದಪ್ಪ ಫೋಮ್ ಇದ್ದಷ್ಟೂ ಒಳ್ಳೆಯದು ಎನ್ನುವ ನಿಮ್ಮ ಮಾತೂ ಅರ್ಧ ಸತ್ಯ. ಪೆಟ್ಟು ತಡೆಯಲು ಸರಿ. ಆದರೆ ಮಳೆಗಾಲದಲ್ಲಿ ಒಮ್ಮೆ ನೆನೆದ ಫೋಮ್ ನಮ್ಮಲ್ಲಿ ವಾರವಾದರೂ ಒಣಗುವುದಿಲ್ಲ. ಆ ತೇವಕ್ಕೇ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ನನ್ನ 50 ಎಂಎಂ ಲೆನ್ಸ್ ಹಾಳಾಗಿದ್ದು ಮಳೆಯಲ್ಲಲ್ಲ, ಮನೆಯ ಬೀರುವಿನಲ್ಲಿ, ಅದೇ ಚೀಲದೊಳಗೆ! ಅದಕ್ಕೇ ಚೀಲ ಕೊಳ್ಳುವಾಗ ಒಳಗಿನ ಫೋಮ್ ಪೂರ್ತಿ ಹೊರಗೆ ತೆಗೆಯಲು ಬರುತ್ತದಾ ಅಂತ ಮೊದಲು ನೋಡಿ. ಜೇಬು ಎಷ್ಟಿವೆ ಅನ್ನೋದು ಆಮೇಲೆ. ನಾನೀಗ ಮನೆಗೆ ಬಂದ ಕೂಡಲೇ ಫೋಮ್ ತೆಗೆದು ಬಚ್ಚಲ ಒಲೆಯಿಂದ ಸ್ವಲ್ಪ ದೂರ ನೇತು ಹಾಕುತ್ತೇನೆ (ಹೊಗೆ ವಾಸನೆ ಬರುತ್ತದೆ, ಇರಲಿ). ಲೆನ್ಸುಗಳು ಮಾತ್ರ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ.

ಬೆನ್ನ ಚೀಲಕ್ಕಿಂತ ಹೆಗಲ ಚೀಲವೇ ಮೇಲು ಅಂದಿರಲ್ಲ, ಅದಕ್ಕೆ ನನ್ನ ಓಟೂ ಇದೆ. ಮಂಡಗದ್ದೆ ಪಕ್ಷಿಧಾಮದಲ್ಲಿ ಹಕ್ಕಿ ಮೇಲೆದ್ದಾಗ ಬೆನ್ನಿಂದ ಚೀಲ ಇಳಿಸುತ್ತಾ ಕೂತರೆ ಮುಗೀತು. ಇಂಬಳ (ಜಿಗಣೆ) ಇರುವ ಕಾಡಿನಲ್ಲಂತೂ ಚೀಲ ನೆಲಕ್ಕಿಡುವ ಮಾತೇ ಇಲ್ಲ, ಅಲ್ವಾ?