ಕಡಲ ಪಾಚಿಯ ಪತ್ರೊಡೆ

ಮಲೆನಾಡಿನಲ್ಲಿ ಸಂಸಾರ ಮಾಡುವವರಿಗೆ ಪಾಚಿಯೆಂದರೆ ಹಗೆ. ಅಂಗಳಕ್ಕೆ ಬ್ಲೀಚಿಂಗ್ ಪುಡಿ ಎರಚುವುದು, ಬಚ್ಚಲ ಹಿಂದಿನ ಚಪ್ಪಡಿಯನ್ನು ತಿಕ್ಕುವುದು, ಕೊಟ್ಟಿಗೆಯ ದಾರಿಗೆ ಅಡಿಕೆ ದಬ್ಬೆ ಹಾಸುವುದು, ಇಷ್ಟರಲ್ಲೇ ನನ್ನ ಮೂವತ್ತು ಮಳೆಗಾಲಗಳು ಕಳೆದಿವೆ. ಅಂಥ ನಾನು ಕಳೆದ ಜುಲೈನಲ್ಲಿ, ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ದಾರಿಯ ಒಂದು ರೆಸಾರ್ಟಿನಲ್ಲಿ, ದುಡ್ಡು ಕೊಟ್ಟು ಮೈತುಂಬ ಪಾಚಿ ಬಳಿಸಿಕೊಂಡೆ. ದುಡ್ಡು ನನ್ನದಲ್ಲ, ಬೆಂಗಳೂರಿನ ಸೊಸೆಯದು ಎಂಬುದೊಂದೇ ಸಮಾಧಾನ.

ಹುಟ್ಟುಹಬ್ಬಕ್ಕೆ ಅವಳು ಕಳಿಸಿದ ಕೂಪನ್ನಿನಲ್ಲಿ ಈ ಉಪಚಾರಕ್ಕೆ ‘ಸೀವೀಡ್ ಬಾಡಿ ರ‍್ಯಾಪ್’ ಎಂದು ಹೆಸರಿತ್ತು. ಹೋಗುವ ಮುನ್ನ ನಾನೂ ಸ್ವಲ್ಪ ಓದಿಕೊಂಡೆ. ಫ್ರಾನ್ಸಿನ ಬ್ರಿಟನಿ ಕರಾವಳಿಯ ರೋಸ್ಕಾಫ್ ಎಂಬ ಊರಿನಲ್ಲಿ ಲೂಯಿ ಬಾಗೋ ಎಂಬ ವೈದ್ಯರು 1899ರಲ್ಲೇ ಕಡಲ ನೀರಿನ ಚಿಕಿತ್ಸೆಗೆಂದು ಸಂಸ್ಥೆ ತೆರೆದಿದ್ದರಂತೆ. ಕಡಲು ಅವರ ಮನೆಬಾಗಿಲಲ್ಲಿತ್ತು, ತೆರೆದರು. ನಮ್ಮೂರಿಗೆ ಕಡಲು ಬರಬೇಕೆಂದರೆ ಚಾರ್ಮಾಡಿ ಘಾಟಿಯನ್ನೇ ಹತ್ತಬೇಕು.

ಮೊದಲು ಒಂದು ಫಾರಂ ತುಂಬಿಸಿಕೊಂಡರು. ಥೈರಾಯ್ಡ್ ಇದೆಯೇ ಎಂಬ ಪ್ರಶ್ನೆಗೆ ಕಾರಣವಿತ್ತು: ಕಡಲ ಪಾಚಿಯಲ್ಲಿ ಅಯೋಡಿನ್ ಧಾರಾಳ, 1811ರಲ್ಲಿ ಕೂರ್ತ್ವಾ ಎಂಬ ಫ್ರೆಂಚ್ ರಸಾಯನಜ್ಞನಿಗೆ ಅಯೋಡಿನ್ ಸಿಕ್ಕಿದ್ದೇ ಈ ಪಾಚಿಯ ಬೂದಿಯಲ್ಲಿ. ಇಲ್ಲವೆಂದು ಬರೆದು ಸಹಿ ಹಾಕಿದೆ.

ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ಮೊದಲು ಉಪ್ಪಿನಿಂದ ಮೈಯುಜ್ಜಿ, ಆಮೇಲೆ ಕಡುಹಸಿರು ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಬ್ರಶ್ಶಿನಿಂದ ಬಳಿಯತೊಡಗಿದಳು. ದಾಸವಾಳದ ಸೊಪ್ಪನ್ನು ಕಿವುಚಿದಾಗ ಬರುವಂಥದೇ ಲೋಳೆ. ಇದರ ಲೋಳೆಗೆ ಆಲ್ಜಿನೇಟ್ ಎಂಬ ದೊಡ್ಡ ಹೆಸರಿದೆ, ಅಷ್ಟೇ ವ್ಯತ್ಯಾಸ. ವಾಸನೆ ಮಾತ್ರ ಮಲ್ಪೆ ಬಂದರಿನದು. ಕುತ್ತಿಗೆಯವರೆಗೆ ಬಳಿದಾದ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಕೈಗಳ ಸಮೇತ ಬಿಗಿಯಾಗಿ ಸುತ್ತಿ, ಮೇಲೊಂದು ಕರೆಂಟಿನ ಕಂಬಳಿ ಹೊದಿಸಿದಳು. ಕೆಸುವಿನ ಎಲೆಗೆ ಹಿಟ್ಟು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿಡುವ ಕೆಲಸವನ್ನು ಹಿಂದಿನ ವಾರವಷ್ಟೇ ಮಾಡಿದ್ದ ನನಗೆ, ಪತ್ರೊಡೆಯ ಕಷ್ಟ ಒಳಗಿನಿಂದ ಅರ್ಥವಾದದ್ದು ಆಗ. ಹಾಗೆಂದು ಹುಡುಗಿಗೆ ಹೇಳಿದರೆ, “ಒಗ್ಗರಣೆ ಒಂದು ಬಾಕಿ ಅಮ್ಮ,” ಎಂದು ನಕ್ಕಳು.

ಅರ್ಧ ಗಂಟೆ ಬೇಯಬೇಕಿತ್ತು. ಹತ್ತನೆಯ ನಿಮಿಷಕ್ಕೆ ಮೂಗಿನ ತುದಿ ತುರಿಸಿತು. ಹದಿನೈದನೆಯ ನಿಮಿಷಕ್ಕೆ ಕರೆಂಟು ಹೋಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಇದ್ದರೆ ಸುದ್ದಿ. ಜನರೇಟರ್ ಹಾಕಿಸಿ ಬರುತ್ತೇನೆಂದು ಹುಡುಗಿ ಹೊರಗೆ ಓಡಿದಳು. ಕತ್ತಲೆಯಲ್ಲಿ ತಣ್ಣಗಾಗುತ್ತ ಮಲಗಿದ್ದ ನನ್ನ ಮೀನಖಂಡದ ಮೇಲೆ ಏನೋ ಮೆಲ್ಲನೆ ಹರಿದಂತಾಯಿತು. ಇಂಬಳ! ಜುಲೈ ತಿಂಗಳಲ್ಲಿ ತೋಟದ ನಡುವಿನ ಕೋಣೆಯಲ್ಲಿ ತಣ್ಣಗೆ, ಒದ್ದೆಯಾಗಿ ಹರಿಯುವುದು ಇನ್ನೇನಿರಲು ಸಾಧ್ಯ? ವಾಸ್ತವವಾಗಿ ಅದು ಇಳಿದು ಬರುತ್ತಿದ್ದ ಪಾಚಿಯ ಲೋಳೆಯಷ್ಟೇ ಎಂಬುದು ತಿಳಿಯುವ ಹೊತ್ತಿಗೆ ನಾನು ಹೊರಳಿ, ಪ್ಲಾಸ್ಟಿಕ್ಕನ್ನು ಹರಿದು, ನೆಲಕ್ಕೆ ಕಾಲಿಟ್ಟಾಗಿತ್ತು. ಮೂವತ್ತು ವರ್ಷ ಅಂಗಳದ ಪಾಚಿಯ ಮೇಲೆ ಕೊಡ ಹೊತ್ತು ನಡೆದರೂ ಒಮ್ಮೆಯೂ ಜಾರದವಳು, ಸೂರಿನಡಿಯ ನುಣುಪು ಟೈಲ್ಸಿನ ಮೇಲೆ, ನಾನೇ ಹೊತ್ತುಕೊಂಡಿದ್ದ ಪಾಚಿಗೆ ಜಾರಿ ಧೊಪ್ಪನೆ ಕುಳಿತೆ.

ಮೊಬೈಲಿನ ಬೆಳಕು ಹಿಡಿದು ಬಂದ ಹುಡುಗಿಯ ಮುಖ ನೋಡಿದರೆ, ಪೆಟ್ಟು ಬಿದ್ದದ್ದು ಅವಳಿಗೇ ಎನ್ನಬೇಕು. ಜನರೇಟರೂ ಕೈಕೊಟ್ಟಿತ್ತು, ಗೀಸರಿನಲ್ಲಿ ನೀರು ಬಿಸಿಯಿರಲಿಲ್ಲ. ಅಡುಗೆಮನೆಯಿಂದ ಬಕೆಟ್ಟುಗಳಲ್ಲಿ ಬಿಸಿನೀರು ತರಿಸಿದಳು. ಮೊದಲೆರಡು ಬಕೆಟ್ಟಿಗೆ ಲೋಳೆ ಜಗ್ಗಲೇ ಇಲ್ಲ. ಎಲ್ಲ ಮುಗಿದ ಮೇಲೆ, ಟೊಂಕ ಹಿಡಿದುಕೊಂಡು ನಿಂತವಳ ನಡುವಿಗೇ ಟೇಪು ಸುತ್ತಿ, “ಒಂದು ಇಂಚು ಇಳಿದಿದೆ ಅಮ್ಮ,” ಎಂದಳು. ಜೊತೆಗೇ ಎರಡು ಲೋಟ ನೀರು ಕುಡಿಯಲು ಕೊಟ್ಟಳು.

ಮನೆಗೆ ಬಂದು ಇಂಚಿನ ವಿಷಯವನ್ನು ಸ್ವಲ್ಪ ಜಂಬದಿಂದಲೇ ಇವರಿಗೆ ಹೇಳಿದೆ. ಕಣದಲ್ಲಿ ಕಾಫಿ ಒಣಗಿಸಿ ತೂಕ ಹಾಕಿಸುವುದರಲ್ಲೇ ತಲೆ ನರೆತ ಮನುಷ್ಯ. ಕನ್ನಡಕದ ಮೇಲಿನಿಂದ ನೋಡಿ, “ತೇವ ಇಳಿದಿದೆ ಅಷ್ಟೇ ಮಾರಾಯ್ತಿ, ಸರಕು ಹಾಗೇ ಇದೆ,” ಎಂದರು. ಬೆವರು ಹರಿಸಿ ಕಳೆದ ಅಳತೆ ನೀರು ಕುಡಿದರೆ ಮರಳಿ ಬರುತ್ತದೆ ಎಂದು ನಾನೂ ಓದಿದ್ದೆನಾದ್ದರಿಂದ, ವಾದಿಸಲಿಲ್ಲ.

ಸಂಜೆ ಸೊಸೆಯ ಫೋನು ಬಂತು. “ಹೇಗಿತ್ತು ಅತ್ತೆ?” ಎಂದಳು. ಮಧ್ಯಾಹ್ನದಿಂದ ಬಿಡದೆ ಹಿಂದೆ ಸುತ್ತುತ್ತಿದ್ದ ನಮ್ಮ ಬೆಕ್ಕು ಆ ಹೊತ್ತಿಗೆ ನನ್ನ ಹೆಗಲನ್ನೇರಿ, ತೊಳೆಯಲು ಮರೆತಿದ್ದ ಕಿವಿಯ ಹಿಂಭಾಗವನ್ನು ಬಲು ಶ್ರದ್ಧೆಯಿಂದ ನೆಕ್ಕುತ್ತಿತ್ತು.

“ತುಂಬಾ ಚೆನ್ನಾಗಿತ್ತಮ್ಮ,” ಎಂದೆ.